ಹದಿನೆಂಟು ಕಚೇರಿ ಮತ್ತು ಒಂದು ಚಿನ್ನದ ಅರ್ಜಿ

ಬೆಂಗಳೂರಿನ ಹೈಕೋರ್ಟಿನ ಕೆಂಪು ಕಟ್ಟಡದ ಕತೆಯನ್ನು ಹೊಸನಗರ ತಾಲ್ಲೂಕಿನ ನಗರದಿಂದ ಶುರುಮಾಡಬೇಕು. ಕೇಳಿದವರಿಗೆ ಎಲ್ಲಿಯ ನಗರ, ಎಲ್ಲಿಯ ಹೈಕೋರ್ಟು ಅನ್ನಿಸೀತು. ನಮ್ಮ ಕಡೆಯವರಿಗೆ, ಅಂದರೆ ಆಗುಂಬೆ, ತೀರ್ಥಹಳ್ಳಿ, ಹೊಸನಗರ, ಸಾಗರದವರಿಗೆ, ಆ ಕಟ್ಟಡ ಗೇಣಿ ಕೇಸುಗಳ ಕಾಲದಿಂದ ಪರಿಚಯ. ಅದರ ಹುಟ್ಟಿಗೇ ಮಲೆನಾಡು ಕಾರಣವೆಂಬುದು ಮಾತ್ರ ಬಹಳ ಜನರ ಗಮನಕ್ಕೆ ಬಂದಿಲ್ಲ. ಇನ್ನು ಕೋಲಾರದ ಚಿನ್ನಕ್ಕೂ ಆ ಕಟ್ಟಡಕ್ಕೂ ಇರುವ ಸಂಬಂಧವನ್ನು ಹೇಳುವವರು ಇನ್ನೂ ಕಡಿಮೆ.

ನಗರವೆಂದರೆ ಹಳೆಯ ಬಿದನೂರು, ಕೆಳದಿ ಅರಸರ ಕೊನೆಯ ರಾಜಧಾನಿ. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ತನ್ನ ಹೆಸರಿಟ್ಟ. ಜನ ಹೈದರನನ್ನು ಬಿಟ್ಟು ನಗರವನ್ನು ಉಳಿಸಿಕೊಂಡರು. ಟಿಪ್ಪುವಿನ ನಂತರ ಸೀಮೆ ಮೈಸೂರಿನ ಒಡೆಯರಿಗೆ ಬಂತು. ಕಂದಾಯ ವಸೂಲಿಗೆ ಅಮಲ್ದಾರರಿಂದ ಶರತ್ತು ಬರೆಸಿಕೊಳ್ಳುವ ಪದ್ಧತಿ ಆಗಿನದು. ಇಷ್ಟು ಹಣ ತಂದೇ ತರುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಟ್ಟವನು ರೈತನ ಕುತ್ತಿಗೆ ಹಿಡಿಯದೆ ಮತ್ತೇನು ಮಾಡಿಯಾನು? 1830ರ ಹೊತ್ತಿಗೆ ರೈತರು ಊರೂರಲ್ಲಿ ಕೂಟ ಸೇರತೊಡಗಿದರು, ಕಂದಾಯ ಕೊಡುವುದನ್ನು ನಿಲ್ಲಿಸಿದರು. ತಾನು ಕೆಳದಿ ವಂಶದವನೆಂದು ಹೇಳಿಕೊಂಡ ಬೂದಿ ಬಸಪ್ಪ, ತರೀಕೆರೆಯ ಪಾಳೆಯಗಾರರ ಮನೆತನದವರು ಜೊತೆ ಸೇರಿದ ಮೇಲೆ ಅದು ದಂಗೆಯಾಯಿತು. ಇತಿಹಾಸದ ಪುಸ್ತಕಗಳು ಅದನ್ನು ನಗರದ ದಂಗೆ ಎಂದೇ ಕರೆಯುತ್ತವೆ.

ದಂಗೆ ಅಡಗಿತು. ಅದರ ನೆಪ ಹಿಡಿದು ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡ. ಮೈಸೂರು ಸೀಮೆ ಕಮಿಷನರುಗಳ ಆಳ್ವಿಕೆಗೆ ಬಂತು, ಆಡಳಿತದ ಕೇಂದ್ರ ಮೈಸೂರಿನಿಂದ ಬೆಂಗಳೂರಿಗೆ ಹೋಯಿತು. ಮಲೆನಾಡಿನ ರೈತ ಕಂದಾಯದ ಹೊರೆ ತಾಳದೆ ತಿರುಗಿಬಿದ್ದದ್ದರ ಫಲವಾಗಿ ಬೆಂಗಳೂರಿಗೆ ಒಂದು ಸರಕಾರವೇ ಬಂದು ಕೂತಿತು. ಆ ಸರಕಾರಕ್ಕೆ ಕೂರಲು ಜಾಗ ಬೇಕಾಯಿತು.

ಮೊದಲು ಅದು ಕೂತದ್ದು ಕೋಟೆಯೊಳಗಿನ ಟಿಪ್ಪುವಿನ ಅರಮನೆಯಲ್ಲಿ. ತೇಗದ ಕಂಬಗಳು, ಬಣ್ಣ ಬಳಿದ ಗೋಡೆಗಳು, ಅವುಗಳ ನಡುವೆ ಕಡತಗಳ ಗಂಟು. ಮೂವತ್ತೇಳು ವರ್ಷ ಸರಕಾರ ಅಲ್ಲಿಂದಲೇ ನಡೆಯಿತು. 1834ರಲ್ಲಿ ಕಮಿಷನರಾಗಿ ಬಂದ ಮಾರ್ಕ್ ಕಬ್ಬನ್ 1861ರವರೆಗೆ ಅಲ್ಲಿಂದಲೇ ಆಳಿದ. ಆಡಳಿತದಲ್ಲಿ ಹದಿನೆಂಟು ಇಲಾಖೆ ಎನ್ನುವ ಲೆಕ್ಕ ಮೈಸೂರಿಗೆ ಹೊಸದಲ್ಲ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರು ಮೊಗಲರ ದರ್ಬಾರಿನ ಮಾದರಿ ನೋಡಿ ಹದಿನೆಂಟು ಕಚೇರಿ ಮಾಡಿದ್ದರು. ಅಠಾರಾ ಕಚೇರಿ ಎಂಬ ಹೆಸರು ಅಲ್ಲಿಂದ ಬಂತು, ಸರಕಾರ ಜಾಗ ಬದಲಿಸಿದಾಗ ಹೆಸರೂ ಗಂಟುಮೂಟೆಯ ಜೊತೆ ಹೊರಟಿತು.

ಹೊಸ ಕಟ್ಟಡದ ಕೆಲಸ ಲೆವಿನ್ ಬೌರಿಂಗ್ ಕಮಿಷನರಾಗಿದ್ದ ಕಾಲದಲ್ಲಿ, 1864ರಲ್ಲಿ ಶುರುವಾಗಿ 1868ರಲ್ಲಿ ಮುಗಿಯಿತು. ನಕ್ಷೆಯ ಹಿಂದೆ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ. ಬೆಂಗಳೂರಿನ ಸ್ಯಾಂಕಿ ಕೆರೆಗೆ ಅವನದೇ ಹೆಸರು. ಕಟ್ಟಿಸುವ ಉಸ್ತುವಾರಿ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ ಅವರದು. ಬಡತನದಲ್ಲಿ ಹುಟ್ಟಿ, ವ್ಯಾಪಾರದಿಂದ ಮೇಲೆ ಬಂದು, ಗುತ್ತಿಗೆದಾರರಾಗಿ ಹಣ ಮಾಡಿದವರು. ಆ ಹಣದಲ್ಲಿ ಅವರು 1873ರಲ್ಲಿ ಬಡಮಕ್ಕಳಿಗೆ ಉಚಿತ ಶಾಲೆ ತೆರೆದರು. ಬೆಂಗಳೂರಿನ ದಂಡು ಪ್ರದೇಶದವರಿಗೆ ಆರ್.ಬಿ.ಎ.ಎನ್.ಎಂ. ಶಾಲೆ ಎಂದರೆ ಸಾಕು. 1873 ಎಂಬ ಇಸವಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಅದೇ ವರ್ಷ ಇನ್ನೊಂದು ಕಾಗದ ಇದೇ ಸರಕಾರದ ಮೇಜಿಗೆ ಬರಲಿದೆ.

ಕಟ್ಟಡವನ್ನು ಹತ್ತಿರದಿಂದ ನೋಡಿದರೆ ಅದು ಎರಡು ಅಂತಸ್ತಿನ, ಉದ್ದಕ್ಕೆ ಚಾಚಿಕೊಂಡ ಕಲ್ಲು-ಇಟ್ಟಿಗೆಯ ಕಟ್ಟಡ. ನಡುವಿನ ಮುಖಮಂಟಪದ ಕಂಬಗಳ ತಲೆಯಲ್ಲಿ ಸುರುಳಿ. ಗ್ರೀಕರಿಂದ, ರೋಮನರಿಂದ ಬಂದ ಶೈಲಿ. ಇಕ್ಕೇರಿ ಅಘೋರೇಶ್ವರನ ಗುಡಿಯ ಕಂಬ ನೋಡಿ ಬೆಳೆದವರ ಕಣ್ಣಿಗೆ ಈ ಕೆಲಸ ಅಷ್ಟೇನೂ ಸೂಕ್ಷ್ಮವಲ್ಲ, ಆದರೆ ಕಂಬಗಳ ಸಾಲಿಗೆ ಒಂದು ಗತ್ತಿದೆ. ನಡುವಿನ ಹಜಾರದ ಛಾವಣಿಯಲ್ಲಿ ಕಬ್ಬನ್ನನ ಚಿತ್ರ ಬರೆಸಿದ್ದಾರೆ. ಅವನು ಈ ಕಟ್ಟಡ ನೋಡಿದವನೇ ಅಲ್ಲ. 1861ರಲ್ಲಿ ಊರಿಗೆ ಹೊರಟವನು ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡ. ಕುದುರೆಯ ಮೇಲೆ ಕೂತ ಅವನ ಪ್ರತಿಮೆ ಬಹುಕಾಲ ಈ ಕಟ್ಟಡದ ಮುಂದೆಯೇ ಇದ್ದು, 2020ರಲ್ಲಿ ಕಬ್ಬನ್ ಪಾರ್ಕಿನ ಒಳಕ್ಕೆ ಹೋಯಿತು.

ಈಗ ಚಿನ್ನದ ಮಾತು.

ಕೋಲಾರದ ಚಿನ್ನವನ್ನು ಕಂಡುಹಿಡಿದವರು ಯಾರು ಎಂದು ಶಾಲೆಯ ಮಕ್ಕಳನ್ನು ಕೇಳಿದರೆ ಲಾವೆಲ್ ಅಥವಾ ಜಾನ್ ಟೇಲರ್ ಎಂಬ ಉತ್ತರ ಬರುತ್ತದೆ. ಸ್ವಲ್ಪ ಹೆಚ್ಚು ಓದಿದವರು ವಾರನ್ ಅನ್ನುತ್ತಾರೆ. ಮೂರೂ ಉತ್ತರ ಅರ್ಧ ಸರಿ. ನೆಲದಲ್ಲಿ ಚಿನ್ನವಿದೆ ಎಂಬುದು ಆ ನೆಲದ ಮೇಲೆ ಬದುಕುತ್ತಿದ್ದವರಿಗೆ ಮೊದಲೇ ಗೊತ್ತಿತ್ತು. ಕರ್ನಾಟಕದ ಉದ್ದಗಲಕ್ಕೂ ಹೀಗೇ. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ಜಾಲಿಸಿ ಚಿನ್ನ ತೆಗೆಯುವುದೇ ಜಾಲಗಾರರ ಕಸುಬು. ರಾಯಚೂರಿನ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಆಳಕ್ಕೆ ಅಗೆದ ಗುರುತುಗಳಿವೆ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಮೈಸೂರಿನ ಗಡಿ ಅಳೆಯುವ ಕೆಲಸ ಶುರುವಾಯಿತು. 1802ರಲ್ಲಿ ಪೂರ್ವದ ಗಡಿಯಲ್ಲಿ ಸರಪಳಿ ಹಿಡಿದು ನಿಂತಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಕಿವಿಗೆ ಒಂದು ಸುದ್ದಿ ಬಿತ್ತು: ಯರ್ರಕೊಂಡ ಬೆಟ್ಟದ ಸುತ್ತ ಮಣ್ಣಿನಲ್ಲಿ ಚಿನ್ನವಿದೆಯಂತೆ. ವಾರನ್ ಹುಟ್ಟಿನಿಂದ ಫ್ರೆಂಚರವನು, ಇಂಗ್ಲಿಷರ ಸೈನ್ಯ ಸೇರಿದ್ದ. ಮುಂದೆ ಮದರಾಸಿನ ವೀಕ್ಷಣಾಲಯದಲ್ಲಿ ಖಗೋಳ ನೋಡಿಕೊಂಡು, ನಮ್ಮ ಪಂಚಾಂಗಗಳ ಲೆಕ್ಕಾಚಾರದ ಮೇಲೆ 'ಕಾಲ ಸಂಕಲಿತ' ಎಂಬ ದೊಡ್ಡ ಪುಸ್ತಕ ಬರೆದವನು ಇವನೇ. ಇಂಥವನು ಗಾಳಿಮಾತು ಕೇಳಿ ಸುಮ್ಮನಾಗುವವನಲ್ಲ. ಚಿನ್ನ ತೋರಿಸಿದವರಿಗೆ ಬಹುಮಾನ ಎಂದು ಸಾರಿದ.

ಸುತ್ತಲ ಊರುಗಳಿಂದ ಜನ ಗಾಡಿಗಟ್ಟಲೆ ಮಣ್ಣು ತಂದು ಅವನೆದುರು ಸುರಿದರು. ಅವನ ಕಣ್ಣೆದುರೇ ನೀರು ಹಾಕಿ ತೊಳೆದರು. ಮಣ್ಣು ಹರಿದು ಹೋಗಿ ತಳದಲ್ಲಿ ಹಳದಿ ಚುಕ್ಕೆಗಳು ಉಳಿದವು. ಲೆಕ್ಕ ಹಾಕಿದರೆ ಸುಮಾರು 56 ಕಿಲೋ ಮಣ್ಣಿಗೆ ಒಂದು ಗ್ರೇನ್ ಚಿನ್ನ. ಒಂದು ಗ್ರಾಮಿನ ಹದಿನೈದರಲ್ಲಿ ಒಂದು ಪಾಲು. ಮಾರಿಕುಪ್ಪಂ ಕಡೆ ಅವನು ಕಂಡದ್ದು ಇನ್ನೂ ದೊಡ್ಡ ಕೆಲಸ. ಅಲ್ಲಿನ ದಲಿತ ಕುಟುಂಬಗಳು ನೆಲದೊಳಕ್ಕೆ ಬಾವಿಯಂತೆ ಗುಂಡಿ ತೋಡಿ ಕಲ್ಲು ತೆಗೆಯುತ್ತಿದ್ದವು. ಒಳಗೆ ಅಲ್ಲಲ್ಲಿ ನಿಂತ ಗಂಡಸರು ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸಿ ಮೇಲಕ್ಕೆ ಕಳಿಸುವರು. ಮೇಲೆ ಹೆಂಗಸರು ಚಪ್ಪಟೆ ಬಂಡೆಯ ಮೇಲೆ ಕಲ್ಲು ಕುಟ್ಟಿ ಪುಡಿ ಮಾಡಿ, ಮರದ ಮರಿಗೆಯಲ್ಲಿ ನೀರು ತುಂಬಿ ಜಾಲಿಸುವರು. ಅನುಭವವಿಲ್ಲದ ಕೈಗೆ ಬರುವ ಕೆಲಸ ಅದಲ್ಲ. ಎಷ್ಟು ನೀರು, ಎಷ್ಟು ಓಲಾಟ, ಯಾವಾಗ ಮರಿಗೆ ಬಗ್ಗಿಸಬೇಕು ಎಂಬುದೆಲ್ಲ ಮಣಿಕಟ್ಟಿಗೆ ಗೊತ್ತಿರಬೇಕು. ಹಿಂದೆ ಟಿಪ್ಪುವೂ ಒಬ್ಬರನ್ನು ಕಳಿಸಿ ಪರೀಕ್ಷೆ ಮಾಡಿಸಿದ್ದನೆಂಬ ಮಾತನ್ನು ವಾರನ್ ಕೇಳಿದ. ಖರ್ಚಿಗೂ ಹುಟ್ಟುವಳಿಗೂ ಸರಿಹೋಯಿತೆಂದು ಕೈಬಿಟ್ಟರಂತೆ.

ಹಾಗಾದರೆ ವಾರನ್ ಕಂಡುಹಿಡಿದದ್ದು ಏನು? ಚಿನ್ನವನ್ನಂತೂ ಅಲ್ಲ. ಚಿನ್ನ ತೆಗೆಯುವವರನ್ನು. ಅವನು ಮಾಡಿದ ಒಳ್ಳೆಯ ಕೆಲಸವೆಂದರೆ ಕಂಡದ್ದನ್ನು ಕಂಡಹಾಗೆ ಬರೆದಿಟ್ಟದ್ದು. ಮುಂದೆ ಅರುವತ್ತು ಎಪ್ಪತ್ತು ವರ್ಷ ಹಲವರು ಬಂದರು, ಅಗೆದರು, ಹೋದರು. ವರದಿ ಮಾತ್ರ ಅಚ್ಚಿನಲ್ಲಿ ಉಳಿಯಿತು.

ಅದು 1871ರಲ್ಲಿ ಮೈಕಲ್ ಫಿಟ್ಜೆರಾಲ್ಡ್ ಲಾವೆಲ್ ಎಂಬ ಐರಿಷ್ ಸಿಪಾಯಿಯ ಕೈಗೆ ಸಿಕ್ಕಿತು. ನ್ಯೂಜಿಲೆಂಡಿನಲ್ಲಿ ಮಾವೋರಿಗಳ ವಿರುದ್ಧ ಕಾದಾಡಿ ಬಂದು, ನಿವೃತ್ತನಾಗಿ ಬೆಂಗಳೂರಿನ ದಂಡಿನಲ್ಲಿ ನೆಲೆಸಿದ್ದ. ನ್ಯೂಜಿಲೆಂಡಿನಲ್ಲಿ ಆಗ ಚಿನ್ನದ ಬೇಟೆ ಜೋರು. ಕ್ಯಾಲಿಫೋರ್ನಿಯಾದಲ್ಲಿ 1848ರಲ್ಲಿ ಹೊತ್ತಿದ ಹುಚ್ಚು ಆಸ್ಟ್ರೇಲಿಯಾ ಸುಟ್ಟು ಅಲ್ಲಿಗೆ ಹಬ್ಬಿತ್ತು. ಹೊಳೆಯ ದಂಡೆಯಲ್ಲಿ ತಟ್ಟೆ ಹಿಡಿದು ಕೂತವರನ್ನು ಕಣ್ಣಾರೆ ಕಂಡವನಿಗೆ ವಾರನ್ನನ ಬರಹದ ಒಂದೊಂದು ಸಾಲೂ ಬೇರೆಯದೇ ಅರ್ಥ ಕೊಟ್ಟಿರಬೇಕು. ಲಾವೆಲ್ ಎತ್ತಿನ ಗಾಡಿ ಹತ್ತಿ ಅರುವತ್ತು ಮೈಲಿ ದೂರದ ಕೋಲಾರದ ಕಡೆ ಹೊರಟ. ಹಳೆಯ ಗುಂಡಿಗಳ ಸುತ್ತ ತಿರುಗಿ, ಬಿಳಿಗಲ್ಲಿನ ಪಟ್ಟೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಗುರುತು ಮಾಡಿಕೊಂಡ. ಊರವರು ಅಗೆದು ಬಿಟ್ಟ ಗುಂಡಿಗಳೇ ಅವನಿಗೆ ನಕ್ಷೆ.

ಕ್ಯಾಲಿಫೋರ್ನಿಯಾದಲ್ಲಾಗಿದ್ದರೆ ಮೂಲೆಗೆ ನಾಲ್ಕು ಗೂಟ ಹೊಡೆದು ಇದು ನನ್ನದು ಅನ್ನಬಹುದಿತ್ತು. ಅಲ್ಲಿ ಮೊದಲು ಜನ ನುಗ್ಗಿದರು. ಕಾನೂನು, ಕೋರ್ಟು ಎಲ್ಲ ಅವರ ಬೆನ್ನು ಹತ್ತಿ ಆಮೇಲೆ ಬಂದವು. ಅಲ್ಲಿನ ಗಣಿಯೂರುಗಳಲ್ಲಿ ಕಾಪಾಡಿಟ್ಟುಕೊಂಡ ಪುಟ್ಟ ಕೋರ್ಟುಮನೆಗಳು ಆ ಕತೆಯನ್ನೇ ಹೇಳುತ್ತವೆ. ಮೈಸೂರಿನಲ್ಲಿ ಉಲ್ಟಾ. ಇಲ್ಲಿ ಕಚೇರಿ ಮೊದಲೇ ಕಟ್ಟಿ ಮುಗಿದಿತ್ತು, ಚಿನ್ನ ಆಮೇಲೆ ಅರ್ಜಿ ಹಿಡಿದುಕೊಂಡು ಬಂತು.

1873ರಲ್ಲಿ ಲಾವೆಲ್ ಮೈಸೂರು ಮತ್ತು ಕೊಡಗಿನ ಚೀಫ್ ಕಮಿಷನರಿಗೆ ಬರೆದ. ಆಗ ಆ ಪದವಿಯಲ್ಲಿದ್ದವನು ರಿಚರ್ಡ್ ಮೀಡ್. ಅವನ ಆಡಳಿತದ ಕಚೇರಿಗಳಿದ್ದದ್ದು ಐದು ವರ್ಷದ ಹಿಂದೆ ಮುಗಿದ ಕೆಂಪು ಕಟ್ಟಡದಲ್ಲಿ. ಅಧಿಕಾರಿಗಳಿಗೆ ನಂಬಿಕೆ ಬರಲಿಲ್ಲ. ಚಿನ್ನದ ಗೀಳು ಬೇಡ, ಕಲ್ಲಿದ್ದಲು ಬೇಕಾದರೆ ಹುಡುಕಿಕೊ ಎಂಬಂಥ ಉತ್ತರ ಬಂತು. ಕೋಲಾರದಲ್ಲಿ ಕಲ್ಲಿದ್ದಲು! ಲಾವೆಲ್ ಹಟ ಬಿಡಲಿಲ್ಲ. ಮತ್ತೆ ಬರೆದ: ನಾನು ಗೆದ್ದರೆ ಸರಕಾರಕ್ಕೆ ಭಾರೀ ಲಾಭ, ಸೋತರೆ ನಿಮ್ಮ ಬೊಕ್ಕಸದಿಂದ ಒಂದು ಕಾಸೂ ಹೋಗುವುದಿಲ್ಲ, ನಾನು ಕೇಳುತ್ತಿರುವುದು ಅಗೆಯುವ ಹಕ್ಕು ಅಷ್ಟೇ. ಯಾವ ಗುಮಾಸ್ತನೂ ಟಿಪ್ಪಣಿಯಲ್ಲಿ ತಳ್ಳಿಹಾಕಲಾಗದ ವಾದ ಇದು. 1875ರ ಫೆಬ್ರವರಿ 2ರಂದು ಇಪ್ಪತ್ತು ವರ್ಷದ ಗುತ್ತಿಗೆ ಅವನ ಹೆಸರಿಗೆ ಆಯಿತು.

ನನ್ನ ಲೆಕ್ಕದಲ್ಲಿ ಕೋಲಾರದ ಚಿನ್ನ 'ಸಿಕ್ಕಿದ್ದು' ಅಂದು, ಆ ಕಾಗದದ ಮೇಲೆ. ಅದಕ್ಕೂ ಮೊದಲು ಅದು ಮಾರಿಕುಪ್ಪದ ಹೆಂಗಸರ ಮರಿಗೆಯಲ್ಲಿತ್ತು. ಆ ಸಹಿಯ ಮರುದಿನದಿಂದ ಅದಕ್ಕೊಬ್ಬ ಹಕ್ಕುದಾರ ಇದ್ದ, ಆ ಹಕ್ಕನ್ನು ಮಾರಬಹುದಿತ್ತು, ಷೇರು ಮಾಡಿ ಲಂಡನ್ನಿನಲ್ಲಿ ಹಂಚಬಹುದಿತ್ತು. ಆವಿಷ್ಕಾರ ಅನ್ನುವುದರಲ್ಲಿ ಗುದ್ದಲಿಯ ಪಾಲಿಗಿಂತ ಮೊಹರಿನ ಪಾಲು ಹೆಚ್ಚು.

ಲಾವೆಲ್ ಕೈಲಿ ಹಕ್ಕಿತ್ತು, ಹಣವಿರಲಿಲ್ಲ. ಊರಿಗಾಮಿನ ಹತ್ತಿರ ಬಾವಿ ತೋಡುವುದರಲ್ಲೇ ಕೈ ಬರಿದಾಯಿತು. 1877ರಲ್ಲಿ ಮದರಾಸಿನ ಸೈನ್ಯಾಧಿಕಾರಿ ಬೆರೆಸ್‌ಫರ್ಡ್ ಮತ್ತವನ ಗೆಳೆಯರಿಗೆ ಹಕ್ಕು ದಾಟಿಸಿದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟಿತು. ಆಮೇಲಿನದು ನಿಜವಾದ ಚಿನ್ನದ ಹುಚ್ಚು. ವಯನಾಡು, ನೀಲಗಿರಿಯ ದೇವಾಲ, ಪಂದಲೂರು ಕಾಡುಗಳಲ್ಲೂ ಅದೇ ಹೊತ್ತಿಗೆ ಕಂಪನಿಗಳು ಅಣಬೆಯ ಹಾಗೆ ಎದ್ದವು. ನಮ್ಮ ಜಿಲ್ಲೆಯೂ ತಪ್ಪಿಸಿಕೊಳ್ಳಲಿಲ್ಲ. ಈಗ ದಾವಣಗೆರೆಗೆ ಸೇರಿರುವ, ಆಗ ಶಿವಮೊಗ್ಗದ್ದೇ ಆಗಿದ್ದ ಹೊನ್ನಾಳಿಯ ಸುತ್ತ ಗುಂಡಿ ತೋಡಿದವರು ಬಂದರು, ಹೋದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಆ ದಿನಗಳಲ್ಲಿ ಮೈಸೂರಿನ ಚಿನ್ನದ ಪ್ರದೇಶಗಳನ್ನು ಸುತ್ತಿ ಬರೆದಿದ್ದಾನೆ. ಮೈಸೂರಿಗೆ ತನ್ನದೇ ಭೂವಿಜ್ಞಾನ ಇಲಾಖೆ ಆದದ್ದು 1894ರಲ್ಲಿ, ಚಿನ್ನದ ಋಣದಿಂದ.

ಬಹುಪಾಲು ಕಂಪನಿಗಳು ಮುಳುಗಿದವು. ಕೋಲಾರದಲ್ಲೂ ಹಣ ಕರಗಿ, ಷೇರುದಾರರು ಇನ್ನು ಸಾಕು ಅನ್ನುವ ಹಂತಕ್ಕೆ ಬಂದಿದ್ದರು. ಆಗ ಕ್ಯಾಪ್ಟನ್ ಪ್ಲಮ್ಮರ್ ಎಂಬ ಗಣಿಗಾರ ಹಳಬರು ಅಗೆದಿದ್ದ ಜಾಗದ ಕೆಳಕ್ಕೇ ಇಳಿದು ಚಾಂಪಿಯನ್ ಪಟ್ಟೆಯನ್ನು ಮುಟ್ಟಿದ. ಹಳಬರ ಗುಂಡಿ ನಿಂತಲ್ಲಿಂದ ಇವರ ಚಿನ್ನ ಶುರು. ನೀರು ತೋಡುವ ಯಂತ್ರವಿಲ್ಲದೆ ಅವರು ಬಿಟ್ಟುಹೋದ ಆಳಕ್ಕೆ ಉಗಿಯಂತ್ರ ಇಳಿಯಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತೇ ಬಂತು. ಮುಂದೆ ಗಣಿ ಮೂರು ಕಿಲೋಮೀಟರಿಗೂ ಕೆಳಕ್ಕೆ ಹೋಯಿತು.

ಇತ್ತ ಕೆಂಪು ಕಟ್ಟಡದಲ್ಲೂ ಬದಲಾವಣೆ. 1881ರಲ್ಲಿ ಸೀಮೆ ಮತ್ತೆ ಒಡೆಯರಿಗೆ ಬಂತು, ದಿವಾನರ ಸರಕಾರ ಅಲ್ಲೇ ಮುಂದುವರಿಯಿತು. 1884ರಲ್ಲಿ ಮೂವರು ನ್ಯಾಯಾಧೀಶರ ಚೀಫ್ ಕೋರ್ಟ್ ಆಫ್ ಮೈಸೂರು ಆಯಿತು. ಒಂದೇ ಛಾವಣಿಯ ಕೆಳಗೆ ಗುತ್ತಿಗೆ ಕೊಡುವ ಸರಕಾರ, ಅದರ ತಂಟೆ ವಿಚಾರಿಸುವ ನ್ಯಾಯಾಲಯ. ಕೋಲಾರದಲ್ಲಿ ಆಗ ಚಿನ್ನದ ಕಲ್ಲಿನ ಚೂರು ಲೆಕ್ಕವಿಲ್ಲದೆ ಯಾರ ಬಳಿ ಸಿಕ್ಕರೂ ಅಪರಾಧವಾಗಿತ್ತು. ಮೂರು ತಲೆಮಾರಿನ ಹಿಂದೆ ಬಂಡೆಯ ಮೇಲೆ ಕಲ್ಲು ಕುಟ್ಟುತ್ತಿದ್ದವರ ಮಕ್ಕಳು, ಆರ್ಕಾಟು, ಸೇಲಂ ಕಡೆಯಿಂದ ಬಂದ ದಲಿತ ಕೂಲಿಗಳು ಅದೇ ಕಲ್ಲಿಗಾಗಿ ಮೈ ತಡಕಿಸಿಕೊಳ್ಳಬೇಕಾಯಿತು. 1930ರಲ್ಲಿ ಎಲ್ಲ ಕಾರ್ಮಿಕರ ಬೆರಳಚ್ಚು ತೆಗೆಯುತ್ತೇವೆ ಎಂದಾಗ ಗಣಿ ನಿಂತಿತು. ಸಾವಿರಾರು ಜನ ಕೆಳಗಿಳಿಯಲು ಒಪ್ಪಲಿಲ್ಲ. ಅದೇ ವರ್ಷ ಚೀಫ್ ಕೋರ್ಟು ಹೈಕೋರ್ಟ್ ಆಯಿತು. ಎರಡಕ್ಕೂ ಸಂಬಂಧವಿಲ್ಲ, ಇಸವಿ ಒಂದೇ ಎಂದು ಹೇಳಿದೆ ಅಷ್ಟೇ.

ಮಲೆನಾಡು ಮತ್ತೆ ಈ ಕಟ್ಟಡದ ಬಾಗಿಲಿಗೆ ಬಂದದ್ದು 1952ರಲ್ಲಿ, ಈ ಸಲ ರಾಜಮಾರ್ಗದಲ್ಲಿ. ವಿಧಾನಸೌಧ ಇನ್ನೂ ಎದ್ದಿರಲಿಲ್ಲ. 1951ರ ಜುಲೈ 13ರಂದು ನೆಹರೂ ಅದಕ್ಕೆ ಅಡಿಗಲ್ಲು ಹಾಕಿದ್ದರು, ಮುಗಿದದ್ದು 1956ಕ್ಕೆ. ಅಲ್ಲಿಯವರೆಗೆ ಶಾಸನಸಭೆ ಸೇರುತ್ತಿದ್ದದ್ದು ಅಠಾರಾ ಕಚೇರಿಯಲ್ಲೇ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದರು. ಜಗಳ ಎದ್ದದ್ದು ಕೊಳಗದ ಮೇಲೆ: ಗೇಣಿ ಅಳೆದುಕೊಳ್ಳುವ ಕೊಳಗ ಧಣಿಯ ಅಂಗಳದಲ್ಲಿ ದೊಡ್ಡದಾಗುತ್ತಿತ್ತು. ಒಂದು ಕೊಳಗದಲ್ಲಿ ಅರ್ಧ ಸೇರು ಏರಿದರೆ ಖಂಡುಗದ ಲೆಕ್ಕದಲ್ಲಿ ಎಷ್ಟಾಯಿತು, ಅಳೆದು ಕೊಟ್ಟವನ ಮನೆಯ ಪಣತವನ್ನು ಕೇಳಿ. ರಾಮಮನೋಹರ ಲೋಹಿಯಾ ಬಂದು ಸಾಗರದಲ್ಲಿ ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಆರಗದವರಾದ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರದಿಂದ ಸಮಾಜವಾದಿ ಪಕ್ಷದ ಶಾಸಕರಾಗಿ ಗೆದ್ದರು. ಗೇಣಿದಾರರ ಮಾತು ಈ ಕಟ್ಟಡದೊಳಗೆ ಅವರ ಗಂಟಲಲ್ಲಿ ಮೊಳಗಿತು. ಅದೇ ಸಭೆಯಲ್ಲಿ ಎದುರು ಸಾಲಿನಲ್ಲಿ ತೀರ್ಥಹಳ್ಳಿಯ ಕಡಿದಾಳ್ ಮಂಜಪ್ಪನವರು. 1956ರಲ್ಲಿ ಹಳೆಯ ಮೈಸೂರು ರಾಜ್ಯದ ಕೊನೆಯ ಮುಖ್ಯಮಂತ್ರಿಯಾದರು. ನಗರದ ರೈತರು ಕೂಟ ಸೇರಿದ್ದಕ್ಕೆ ಹುಟ್ಟಿದ ಕಚೇರಿಯೊಳಗೆ ನೂರಿಪ್ಪತ್ತು ವರ್ಷದ ಮೇಲೆ ಅದೇ ಸೀಮೆಯವರು ಎರಡೂ ಕಡೆ ಕೂತಿದ್ದರು.

ಶಾಸನಸಭೆ, ಸಚಿವಾಲಯ ರಸ್ತೆ ದಾಟಿ ವಿಧಾನಸೌಧಕ್ಕೆ ಹೋದ ಮೇಲೆ ಕಟ್ಟಡ ಪೂರ್ತಿ ಹೈಕೋರ್ಟಿನದಾಯಿತು. ಆಮೇಲೆ ಬಂತು 1974ರ ಭೂಸುಧಾರಣೆ. ಗೇಣಿದಾರರು ಫಾರಂ ನಂಬರ್ 7 ತುಂಬಿ ತಾಲ್ಲೂಕಿನ ಭೂ ನ್ಯಾಯಮಂಡಳಿಗೆ ಕೊಟ್ಟರು. ಸರ್ವೆ ನಂಬರು, ಎಕರೆ-ಗುಂಟೆ, ಎಷ್ಟು ವರ್ಷದಿಂದ ಉಳುಮೆ, ಗೇಣಿ ಎಷ್ಟು. ರಸೀದಿ ಕೊಡುವ ಪದ್ಧತಿಯೇ ಇಲ್ಲದ ಕಡೆ ಸಾಕ್ಷಿ ಎಂದರೆ ಪಕ್ಕದ ಗದ್ದೆಯವನ ಬಾಯಿಮಾತು. ಮಂಡಳಿಯ ಮುಂದೆ ವಕೀಲರು ಬರುವಂತಿಲ್ಲ ಎಂದು ಕಾನೂನು ಮೊದಲು ಹೇಳಿತ್ತು. ಉಪವಿಭಾಗಾಧಿಕಾರಿಯ ಎದುರು ಒಡೆಯನೂ ಒಕ್ಕಲೂ ತಾವೇ ನಿಂತು ಮಾತಾಡಬೇಕು. ಒಕ್ಕಲು ಗೆಲ್ಲಲು ಇದೂ ಒಂದು ಕಾರಣವೆಂದು ನನಗನ್ನಿಸುತ್ತದೆ. ತೀರ್ಪಿನ ಮೇಲೆ ಅಪೀಲು ಇರಲಿಲ್ಲ. ಉಳಿದ ದಾರಿ ಒಂದೇ, ಹೈಕೋರ್ಟಿಗೆ ರಿಟ್. ಹಾಗಾಗಿ ಆಗುಂಬೆ ಹೋಬಳಿಯ ಅಡಕೆ ತೋಟ, ಹೊಸನಗರದ ಮಕ್ಕಿಗದ್ದೆಗಳ ಕಡತಗಳು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬಂದವು. ಮಂಜೂರಾದದ್ದು ರದ್ದಾಗಿ, ಮತ್ತೆ ವಿಚಾರಣೆಗೆ ಮಂಡಳಿಗೇ ವಾಪಸು ಬಂದು, ಮತ್ತೆ ಬೆಂಗಳೂರಿಗೆ ಹೋದ ಕೇಸುಗಳಿವೆ. ಧಾರವಾಡ, ಕಲಬುರ್ಗಿಗೆ ಪೀಠಗಳಾದ ಮೇಲೂ ಶಿವಮೊಗ್ಗ ಜಿಲ್ಲೆಯ ಕೇಸು ಹೋಗುವುದು ಇಂದಿಗೂ ಬೆಂಗಳೂರಿಗೇ.

ಇಷ್ಟೆಲ್ಲ ಮಣ್ಣಿನ ವ್ಯಾಜ್ಯ ಕಂಡ ಕಟ್ಟಡವೇ ಮಣ್ಣುಪಾಲಾಗುವ ಕಾಲ 1982ರಲ್ಲಿ ಬಂತು. ಕೇಸು ಹೆಚ್ಚಿದ್ದವು, ನ್ಯಾಯಾಧೀಶರು ಹೆಚ್ಚಿದ್ದರು, ಜಾಗ ಸಾಲದು. ಹಳೆಯದನ್ನು ಕೆಡವಿ ಹೊಸದು ಕಟ್ಟುವ ಯೋಜನೆ ತಯಾರಾಯಿತು. ಜಾಗದ ಕೊರತೆ ಸುಳ್ಳಲ್ಲ. ಆದರೆ ಜಾಗವಿಲ್ಲ ಎಂದಾಗಲೆಲ್ಲ ಮೊದಲು ಕಣ್ಣು ಬೀಳುವುದು ಹಳೆಯದರ ಮೇಲೇ ಯಾಕೆ? ಊರಿನ ನಾಗರಿಕರು ಇದನ್ನು ಒಪ್ಪಲಿಲ್ಲ. ಸಾರ್ವಜನಿಕ ಹಿತಾಸಕ್ತಿ ಅರ್ಜಿ ಎಂಬುದು ನಮ್ಮಲ್ಲಿ ಆಗ ಹೊಸ ಸರಕು. ಕರ್ನಾಟಕದ ಹೈಕೋರ್ಟಿನ ಮುಂದೆ ಬಂದ ಅಂಥ ಮೊದಮೊದಲ ಅರ್ಜಿಗಳಲ್ಲಿ ಒಂದು ಇದೇ ಕಟ್ಟಡವನ್ನು ಉಳಿಸಿ ಎಂದು ಬೇಡಿತ್ತು.

ಅದರ ವಿಚಾರಣೆ ನಡೆದದ್ದು ಅದೇ ಕಟ್ಟಡದೊಳಗೆ. ವಕೀಲರು ಕಂಬಗಳ ಸೊಗಸಿನ ಬಗ್ಗೆ ವಾದಿಸುವಾಗ ಆ ಕಂಬಗಳ ನಡುವೆಯೇ ನಡೆದು ಬಂದಿದ್ದರು. ಆಸ್ತಿಯೇ ಕಟಕಟೆಯಾದ ಇಂಥ ಮೊಕದ್ದಮೆ ಇನ್ನೆಲ್ಲಾದರೂ ನಡೆದಿದ್ದರೆ ನನಗೆ ಗೊತ್ತಿಲ್ಲ. ಕೋರ್ಟಿನ ಜಗಳ, ಹೊರಗಿನ ಜನರ ಒತ್ತಾಯ ಎರಡೂ ಸೇರಿ ಕಟ್ಟಡ ನಿಂತಿತು. ಹಿಂದುಗಡೆ ಕಬ್ಬನ್ ಪಾರ್ಕಿನ ಕಡೆಗೆ ಅದೇ ಕೆಂಪು ಬಣ್ಣದಲ್ಲಿ ಹೊಸ ಭಾಗ ಬೆಳೆಯಿತು, ಮುಂದಿನ ಮೋರೆ ಹಾಗೇ ಉಳಿಯಿತು.

ಕೋಲಾರದ ಗಣಿಗೆ ಆ ಅದೃಷ್ಟವಿರಲಿಲ್ಲ. 1956ರಲ್ಲಿ ರಾಜ್ಯ ಸರಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಹೋದ ಗಣಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಗಿ, 2001ರ ಫೆಬ್ರವರಿ 28ರಂದು ಮುಚ್ಚಿತು. ಅಷ್ಟರಲ್ಲಿ ಅದು ಸುಮಾರು 800 ಟನ್ ಚಿನ್ನ ಕೊಟ್ಟಿತ್ತು. ಕಾರ್ಮಿಕ ಸಂಘಗಳು ಅರ್ಜಿ ಹಿಡಿದು ಬಂದದ್ದು ಹೈಕೋರ್ಟಿಗೇ. ಲಾವೆಲ್ ಕೇಳಿದ್ದು ಅಗೆಯುವ ಹಕ್ಕನ್ನು, ಇವರು ಕೇಳಿದ್ದೂ ಹೆಚ್ಚುಕಡಿಮೆ ಅದನ್ನೇ.

ಕೆ.ಜಿ.ಎಫ್.ನಲ್ಲಿ ಈಗ ಉಳಿದಿರುವುದು ಚಿನ್ನ ತೆಗೆದ ಮೇಲೆ ಸುರಿದ ಪುಡಿಮಣ್ಣಿನ ಬೂದು ದಿಬ್ಬಗಳು, ಊರವರು ಸೈನೈಡ್ ಗುಡ್ಡ ಅನ್ನುವವು. ಗಾಳಿ ಎದ್ದರೆ ಅಂಗಳದ ಬಟ್ಟೆಯ ಮೇಲೆಲ್ಲ ಅದರ ಧೂಳು. ಆ ಪುಡಿಯಲ್ಲೂ ಟನ್ನಿಗೆ ಒಂದಿಷ್ಟು ಚಿನ್ನ ಉಳಿದಿದೆ. ಹದಿಮೂರು ದಿಬ್ಬಗಳನ್ನು ಮತ್ತೆ ಜಾಲಿಸುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನಿನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಸಹಿ ಬಿದ್ದದ್ದು ಈ ಸಲ ರಸ್ತೆಯ ಆಚೆ ಬದಿಯಲ್ಲಿ.